ಹಳೇ ಬೋಟು, ಬ್ರೋಕರು ಮತ್ತು ನಿಮ್ಮ ದುಡ್ಡು

(ಫ್ಲೋರಿಡಾದ ಟ್ಯಾಂಪಾ ಸುತ್ತಮುತ್ತಲಿನ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಒಂದಿಷ್ಟು ಹಿಂದುಮುಂದು ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಕೆಲವರು ಆಗಲೇ ಬೋಟು ಹುಡುಕಲು ಶುರು ಮಾಡಿದ್ದೀರಿ ಅಂತ ಗೊತ್ತು. ರಾತ್ರಿ ಮಕ್ಕಳು ಮಲಗಿದ ಮೇಲೆ ಫೋನಿನಲ್ಲಿ ಫೋಟೊ ತಿರುವಿ ಹಾಕುವ ಹಂತ. ಒಂದು ದಿನ ತಡೆಯಲಾರದೆ ಒಂದು ಬೋಟಿನ ಬಗ್ಗೆ ವಿಚಾರಿಸುತ್ತೀರಿ. ಅವತ್ತೇ ಸಂಜೆಯೊಳಗೆ ತುಂಬ ಆತ್ಮೀಯವಾಗಿ ಮಾತಾಡುವ ಒಬ್ಬ ಮನುಷ್ಯನ ಫೋನು ಬರುತ್ತದೆ. ಇವತ್ತು ನಾನು ಮಾತಾಡಲು ಹೊರಟಿರುವುದು ಆ ಮನುಷ್ಯನ, ಅಂದರೆ ಬೋಟ್ ಬ್ರೋಕರನ ಬಗ್ಗೆ.

ಮೊದಲು ಒಂದು ಲೆಕ್ಕ ಹಾಕೋಣ. ಬೋಟಿನ ಬೆಲೆ ಒಂದು ಲಕ್ಷ ಡಾಲರ್ ಅಂತಿಟ್ಟುಕೊಳ್ಳಿ. ಬ್ರೋಕರ್ ಕಮಿಷನ್ ಇಲ್ಲಿ ರೂಢಿಯಲ್ಲಿ ನೂರಕ್ಕೆ ಹತ್ತು, ಅದು ಮಾರುವವನ ಹಣದಿಂದ ಹೋಗುತ್ತದೆ. ಅಂದರೆ ಹತ್ತು ಸಾವಿರ. ಮಾರುವವನ ಕಡೆ ಒಬ್ಬ, ಕೊಳ್ಳುವವನ ಕಡೆ ಒಬ್ಬ ಬ್ರೋಕರ್ ಇದ್ದರೆ ಅದನ್ನು ಹಂಚಿಕೊಳ್ಳುತ್ತಾರೆ. ಸಮಪಾಲು ಅಂದುಕೊಂಡರೆ ತಲಾ ಐದು ಸಾವಿರ. ಈಗ ನೀವು ಚೌಕಾಸಿ ಮಾಡಿ ಬೆಲೆಯನ್ನು 90,000ಕ್ಕೆ ಇಳಿಸಿದಿರಿ. ಕಮಿಷನ್ ಕಳೆದು ಮಾರುವವನಿಗೆ ಆದ ಖೋತಾ 9,000. ಒಬ್ಬ ಬ್ರೋಕರನಿಗೆ ಆದ ಖೋತಾ ಬರೀ 500. ಅದೇ ವ್ಯವಹಾರ ಮುರಿದುಬಿದ್ದರೆ ಅವನ ಐದು ಸಾವಿರವೂ ಹೋಯಿತು.

ಇವತ್ತು ನಾನು ಹೇಳುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ. ಬೆಲೆ ಹತ್ತು ಸಾವಿರ ಮೇಲೋ ಕೆಳಗೋ ಅನ್ನುವುದು ಬ್ರೋಕರನಿಗೆ ಅಷ್ಟು ಮುಖ್ಯವಲ್ಲ, ವ್ಯಾಪಾರ ಕುದುರಬೇಕು. ನಮ್ಮ ಕಡೆಯ ದನದ ಜಾತ್ರೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ದಲ್ಲಾಳಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆಯ ಸಂಖ್ಯೆ ಗೊತ್ತಿರುವವನು ಅವನೊಬ್ಬನೇ, ಅವನಿಗೆ ಬೇಕಾದ್ದು ಎತ್ತಿನ ಹಗ್ಗ ಕೈ ಬದಲಾಯಿಸುವುದು.

ಹಾಗಂತ ಬ್ರೋಕರೆಂದರೆ ಮೋಸಗಾರ ಅಂತ ನಾನು ಹೇಳುತ್ತಿಲ್ಲ. ನಾನು ಕಂಡ ಬ್ರೋಕರುಗಳಲ್ಲಿ ಹೆಚ್ಚಿನವರು ಬೋಟಿನ ಹುಚ್ಚಿಗೇ ಈ ಕಸುಬಿಗೆ ಬಂದವರು, ಭಾನುವಾರವೂ ಫೋನ್ ಎತ್ತುವವರು. ಆದರೆ ಎಲ್ಲಿ ಅವನ ಹಿತವೂ ನಿಮ್ಮ ಹಿತವೂ ಒಂದೇ ದಾರಿಯಲ್ಲಿವೆಯೋ ಅಲ್ಲಿ ಅವನಿಂದ ಪೂರ್ತಿ ಕೆಲಸ ತೆಗೆಯಬೇಕು. ಎಲ್ಲಿ ದಾರಿ ಕವಲೊಡೆಯುತ್ತದೋ ಅಲ್ಲಿ ಬೇರೆಯವರನ್ನು ಕೇಳಬೇಕು. ಬೋಟಿನ ಸ್ಥಿತಿ ಹೇಗಿದೆ ಅಂತ ಅವನನ್ನು ಕೇಳಬೇಡಿ, ಕಾಗದಪತ್ರ ಹೇಗಿದೆ ಅಂತ ಕೇಳಿ.

ಮಲ್ಪೆ, ಗಂಗೊಳ್ಳಿ ಕಡೆಯವರು ಇಲ್ಲಿ ಒಬ್ಬಿಬ್ಬರಾದರೂ ಇದ್ದೀರಿ. ಅಲ್ಲಿ ಬೋಟು ಕೊಳ್ಳುವವನಿಗೆ ಅದು ಹೊಟ್ಟೆಪಾಡು. ಕೊಳ್ಳುವ ಮುಂಚೆ ಜೊತೆಗೆ ಬಂದ ತಾಂಡೇಲ (ಬೋಟು ನಡೆಸುವವ) ಎಂಜಿನ್ನಿನ ಸದ್ದು ಕೇಳಿಯೇ ಅರ್ಧ ವಿಷಯ ಹೇಳುತ್ತಾನೆ. ಇಲ್ಲಿ ನಾವು ಕಂಪ್ಯೂಟರ್ ಮುಂದೆ ಕೂತು ದುಡಿದ ಹಣದಲ್ಲಿ ಹವ್ಯಾಸಕ್ಕೆ ಕೊಳ್ಳುವವರು. ನಮ್ಮ ಜೊತೆ ತಾಂಡೇಲ ಇಲ್ಲ. ಆ ಜಾಗಕ್ಕೆ ಬ್ರೋಕರನನ್ನು ಕೂರಿಸಿಬಿಡುವ ಆಸೆ ಬರುತ್ತದೆ, ತೊಂದರೆ ಶುರುವಾಗುವುದು ಅಲ್ಲಿಂದಲೇ.

ಈಗ ಕಾನೂನು. ಅಮೆರಿಕದಲ್ಲಿ ಬೋಟ್ ಬ್ರೋಕರಿಗೆ ಲೈಸೆನ್ಸ್ ಕಡ್ಡಾಯ ಮಾಡಿರುವ ರಾಜ್ಯಗಳು ಫ್ಲೋರಿಡಾ ಮತ್ತು ಕ್ಯಾಲಿಫೋರ್ನಿಯಾ. ಫ್ಲೋರಿಡಾ ಕಾನೂನಿನ 326ನೇ ಅಧ್ಯಾಯ ಪೂರಾ ಇದರದ್ದೇ. ಬ್ರೋಕರ್ 25,000 ಡಾಲರಿನ ಬಾಂಡ್ (ಅವನಿಂದ ಗಿರಾಕಿಗೆ ನಷ್ಟವಾದರೆ ತುಂಬುವ ಖಾತರಿ) ಇಡಬೇಕು, ಅವನ ಕೈಕೆಳಗಿನ ಸೇಲ್ಸ್‌ಮನ್ 10,000 ಡಾಲರಿನದು. ನೀವು ಕೊಟ್ಟ ಮುಂಗಡ ಬ್ರೋಕರನ ಸ್ವಂತ ಖಾತೆಗೆ ಹೋಗುವಂತಿಲ್ಲ, ಟ್ರಸ್ಟ್ ಖಾತೆಯಲ್ಲಿ ಬೇರೆಯಾಗಿ ಇರಬೇಕು. ಲೈಸೆನ್ಸ್ ಇದೆಯೋ ಇಲ್ಲವೋ ಅಂತ ರಾಜ್ಯ ಸರ್ಕಾರದ ಜಾಲತಾಣದಲ್ಲಿ ಹೆಸರು ಹಾಕಿದರೆ ಗೊತ್ತಾಗುತ್ತದೆ, ಎರಡು ನಿಮಿಷದ ಕೆಲಸ.

ಕೇಳಲು ಚೆನ್ನಾಗಿದೆ. ಆದರೆ ಈ ಕಾನೂನಿಗೆ ಒಂದು ಗೆರೆ ಇದೆ. 32 ಅಡಿಗಿಂತ ಉದ್ದದ, 300 ಗ್ರಾಸ್ ಟನ್ನಿಗಿಂತ (ಇದು ಬೋಟಿನ ಗಾತ್ರದ ಅಳತೆ) ಕಡಿಮೆಯ ಬೋಟುಗಳಿಗೆ ಮಾತ್ರ ಅದು ಅನ್ವಯ. ನಮ್ಮಲ್ಲಿ ಮೊದಲ ಸಲ ಬೋಟು ಕೊಳ್ಳುವವರು ನೋಡುವುದು ಏನು? 24 ಅಡಿ, 27 ಅಡಿ, ಧೈರ್ಯವಿದ್ದರೆ 30 ಅಡಿ. ಅಂದರೆ ಅನುಭವವೇ ಇಲ್ಲದ ಕೊಳ್ಳುಗನಿಗೆ ಈ ಕಾನೂನಿನ ಕೊಡೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದವರು ಗೆರೆಯನ್ನು 16 ಅಡಿಗೆ ಎಳೆದಿದ್ದಾರೆ, ಅದೇ ಸರಿ ಅಂತ ನನ್ನ ಅಭಿಪ್ರಾಯ. ಇಲ್ಲಿ ಸಣ್ಣ ಬೋಟು ಕೊಳ್ಳುವಾಗ, ದೊಡ್ಡ ಬೋಟುಗಳನ್ನೂ ಮಾರುವ, ಲೈಸೆನ್ಸ್ ಇರುವ ಬ್ರೋಕರ್ ಮೂಲಕವೇ ಹೋಗಿ. ಮುಂಗಡ ಟ್ರಸ್ಟ್ ಖಾತೆಗೇ ಹೋಗಲಿ ಅಂತ ಕರಾರಿನಲ್ಲಿ ಬರೆಸಿ. ಹಣ ವೈರ್ ಮಾಡುವ ಮುಂಚೆ ಖಾತೆ ಸಂಖ್ಯೆಯನ್ನು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ಅದೂ ಇ-ಮೇಲಿನಲ್ಲಿ ಬಂದ ಫೋನ್ ನಂಬರಿಗಲ್ಲ, ನಿಮ್ಮ ಹತ್ತಿರ ಮೊದಲೇ ಇದ್ದ ನಂಬರಿಗೆ.

ನಿಮ್ಮ ಕಡೆಗೇ ಒಬ್ಬ ಬ್ರೋಕರ್ ಬೇಕೆ? ಇರುವುದು ಒಳ್ಳೆಯದು, ಸಾಮಾನ್ಯವಾಗಿ ನಿಮ್ಮ ಜೇಬಿನಿಂದ ಹೆಚ್ಚಿಗೆ ಏನೂ ಹೋಗುವುದಿಲ್ಲ, ಕಮಿಷನ್ ಒಳಗೇ ಅವನ ಪಾಲು ಬರುತ್ತದೆ. ಆದರೆ ಅವನನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಇಪ್ಪತ್ತು ಬೋಟುಗಳ ಜಾಹೀರಾತಿಗೆ ನೀವೇ ನೇರವಾಗಿ ವಿಚಾರಣೆ ಕಳಿಸಿ, ಇಪ್ಪತ್ತು ಜನ ಮಾರುವವರ ಬ್ರೋಕರುಗಳ ಜೊತೆ ಮಾತಾಡಿ, ಆಮೇಲೆ ನನ್ನ ಬ್ರೋಕರ್ ಇವರು ಅಂತ ಒಬ್ಬರನ್ನು ಕರೆತಂದರೆ ಪಾಲಿನ ಜಗಳ ಶುರುವಾಗುತ್ತದೆ. ಈ ಕಮಿಷನ್ ಹಂಚಿಕೆಯ ಪದ್ಧತಿಯ ಮೇಲೆ ಕೋರ್ಟಿನಲ್ಲಿ ಪ್ರಶ್ನೆಯೂ ಎದ್ದಿತ್ತು ಅನ್ನಿ. ಮನೆ ಮಾರಾಟದ ಕಮಿಷನ್ ವಿಚಾರದಲ್ಲಿ ರಿಯಲ್ ಎಸ್ಟೇಟ್ ಏಜೆಂಟರ ರಾಷ್ಟ್ರೀಯ ಸಂಘ 2024ರ ಮಾರ್ಚಿನಲ್ಲಿ 41.8 ಕೋಟಿ ಡಾಲರಿಗೆ ರಾಜಿಗೆ ಬಂತಲ್ಲ, ಅದೇ ವರ್ಷ ಅದೇ ಧಾಟಿಯ ದಾವೆ ಬೋಟ್ ಬ್ರೋಕರುಗಳ ಮೇಲೂ ದಕ್ಷಿಣ ಫ್ಲೋರಿಡಾದ ಫೆಡರಲ್ ಕೋರ್ಟಿನಲ್ಲಿ ಬಿತ್ತು. ಅದರ ಒಳಸುಳಿಗೆ ಇವತ್ತು ಇಳಿಯುವುದು ಬೇಡ. ನಿಮ್ಮ ಕಡೆಯ ಬ್ರೋಕರನ ಲೆಕ್ಕವೂ ನಾನು ಆಗಲೇ ಹೇಳಿದ್ದೇ, ಅವನಿಗೂ ವ್ಯಾಪಾರ ಮುಗಿದರೆ ಮಾತ್ರ ದುಡ್ಡು ಅನ್ನುವುದು ನೆನಪಿದ್ದರೆ ಸಾಕು.

ಇಲ್ಲಿಯ ಕ್ರಮ ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ಮೊದಲು ಬೆಲೆ ಹೇಳಿ ಕರಾರಿಗೆ ಸಹಿ ಮಾಡಬೇಕು, ಸಾಮಾನ್ಯವಾಗಿ ನೂರಕ್ಕೆ ಹತ್ತು ಮುಂಗಡ ಕಟ್ಟಬೇಕು, ಆಮೇಲೆ ಬೋಟನ್ನು ಪರೀಕ್ಷೆ ಮಾಡಿಸಬೇಕು. "ನೋಡದೆ ಬೆಲೆ ಹೇಳುವುದು ಹೇಗೆ?" ಅಂತ ಎಲ್ಲರೂ ಕೇಳುತ್ತಾರೆ. ಕರಾರಿನಲ್ಲಿ ಸರ್ವೇ (ತಜ್ಞನಿಂದ ಬೋಟಿನ ಪರೀಕ್ಷೆ) ಮತ್ತು ಸೀ ಟ್ರಯಲ್ (ನೀರಿನಲ್ಲಿ ಓಡಿಸಿ ನೋಡುವುದು) ಆದ ಮೇಲೆ ಒಪ್ಪಿಗೆ ಕೊಡಲು ಒಂದು ತಾರೀಖು ಇರುತ್ತದೆ. ಅಷ್ಟರೊಳಗೆ ನೀವು ಬರವಣಿಗೆಯಲ್ಲಿ ಒಪ್ಪಿಗೆ ಕೊಡದಿದ್ದರೆ ಬೋಟು ಬೇಡ ಅಂದಂತೆಯೇ, ಮುಂಗಡ ವಾಪಸ್ ಬರಬೇಕು. ರೂಢಿಯ ನಮೂನೆ ಹಾಗಿದೆ. ಆದರೆ ಸಹಿ ಹಾಕುವ ಮುಂಚೆ ಆ ಸಾಲನ್ನು ನೀವೇ ಹುಡುಕಿ ಓದಿ, ಸುಮ್ಮನಿದ್ದರೆ ಒಪ್ಪಿಗೆ ಅಂತ ಬರೆದಿದ್ದರೆ ತಿದ್ದಿಸಿ. ತಾರೀಖು ಹತ್ತಿರ ಬಂದು ಸರ್ವೇಯರ್ ಸಿಗದಿದ್ದರೆ ವಾಯಿದೆ ಮುಂದಕ್ಕೆ ಹಾಕುವುದನ್ನೂ ಬರವಣಿಗೆಯಲ್ಲೇ ಮಾಡಿಸಿ. ಬ್ರೋಕರ್ ಫೋನಿನಲ್ಲಿ "ಪರವಾಗಿಲ್ಲ, ಎರಡು ದಿನ ಆಚೀಚೆ ಆಗುತ್ತೆ" ಅಂದಿದ್ದಕ್ಕೆ ಬೆಲೆಯಿಲ್ಲ.

ಇನ್ನು ಸರ್ವೇ. ಬೋಟಿನ ಸ್ಥಿತಿಯ ಬಗ್ಗೆ ನೀವು ದುಡ್ಡು ಕೊಟ್ಟು ಕೇಳಬೇಕಾದ ಮನುಷ್ಯ ಸರ್ವೇಯರ್. ಸಾಮಾನ್ಯವಾಗಿ ಅಡಿಗೆ 20ರಿಂದ 30 ಡಾಲರ್ ತೆಗೆದುಕೊಳ್ಳುತ್ತಾರೆ, ಬೋಟನ್ನು ನೀರಿನಿಂದ ಎತ್ತಿಸುವ ಖರ್ಚು ಬೇರೆ, ಎಲ್ಲ ನಿಮ್ಮದೇ. ವಿಚಿತ್ರ ಏನೆಂದರೆ ಬ್ರೋಕರಿಗಾದರೂ ಇಲ್ಲಿ ಲೈಸೆನ್ಸ್ ಇದೆ, ಸರ್ವೇಯರಿಗೆ ಸರ್ಕಾರದ ಲೈಸೆನ್ಸೇ ಇಲ್ಲ. ಸ್ಯಾಮ್ಸ್, ನ್ಯಾಮ್ಸ್ ಅಂತ ಅವರದೇ ಎರಡು ವೃತ್ತಿ ಸಂಘಗಳಿವೆ, ಅವುಗಳ ಸದಸ್ಯರಿಗೆ ಪರೀಕ್ಷೆ, ಅನುಭವದ ಷರತ್ತುಗಳಿರುತ್ತವೆ. ಬ್ರೋಕರ್ "ನನಗೆ ಗೊತ್ತಿರುವ ಒಳ್ಳೆ ಸರ್ವೇಯರ್ ಇದ್ದಾನೆ" ಅಂದರೆ ಥ್ಯಾಂಕ್ಸ್ ಹೇಳಿ ಬೇರೆಯವನನ್ನು ಹುಡುಕಿ. ಆ ಸರ್ವೇಯರ್ ಕೆಟ್ಟವನಿರಬೇಕು ಅಂತಲ್ಲ. ವರ್ಷಪೂರ್ತಿ ಅದೇ ಬ್ರೋಕರನಿಂದ ಕೆಲಸ ಬರುವವನಿಗೆ ಆ ಬ್ರೋಕರನ ವ್ಯಾಪಾರ ಮುರಿಯುವ ಮಾತು ಬರೆಯುವಾಗ ಪೆನ್ನು ಸ್ವಲ್ಪ ಮೆತ್ತಗಾಗುತ್ತದೆ.

ಸರ್ವೇ ದಿನ ರಜೆ ಹಾಕಿಯಾದರೂ ಹೋಗಿ. ವರದಿಯಲ್ಲಿ ಬರುವುದಕ್ಕಿಂತ ಹೆಚ್ಚು ಅಲ್ಲಿ ಬಾಯಿಮಾತಿನಲ್ಲಿ ಬರುತ್ತದೆ. ಅವನು ಸಣ್ಣ ಸುತ್ತಿಗೆಯಿಂದ ಫೈಬರ್‌ಗ್ಲಾಸ್ ಮೈಯನ್ನು ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ, ಒಳಗೆ ಕೊಳೆತ ಕಡೆ ಡಬ್ ಅನ್ನುತ್ತದೆ. ಬಹಳಷ್ಟು ಬೋಟುಗಳ ಡೆಕ್ಕಿನಲ್ಲಿ ಎರಡು ಫೈಬರ್‌ಗ್ಲಾಸ್ ಪದರದ ನಡುವೆ ಬಾಲ್ಸಾ ಮರ ಇರುತ್ತದೆ. ರೇಲಿಂಗ್ ಕಂಬದ ಬುಡದಲ್ಲೋ ಹಗ್ಗ ಕಟ್ಟುವ ಕ್ಲೀಟಿನ ಬೋಲ್ಟಿನ ಪಕ್ಕದಲ್ಲೋ ನೀರು ಇಳಿದರೆ ಆ ಮರ ಹಿಟ್ಟಾಗುತ್ತದೆ, ಮೇಲಿಂದ ನೋಡಿದರೆ ಫಳಫಳ ಹೊಳೆಯುತ್ತಿರುತ್ತದೆ. ಹಾಯಿ ಬೋಟಾದರೆ ಕಂಬವನ್ನು ಹಿಡಿದ ತಂತಿಗಳು ಡೆಕ್ಕಿಗೆ ಸೇರುವ ಪಟ್ಟಿಗಳ ಸುತ್ತ ನೋಡಿಸಿ, ಆ ತಂತಿಗಳ ವಯಸ್ಸು ಕೇಳಿ. ವಯಸ್ಸು ಗೊತ್ತಿಲ್ಲ ಅಂದರೆ ವಿಮೆ ಕಂಪನಿಯವರೇ ತಂತಿ ಬದಲಾಯಿಸಿ ಅಂದಾರು. ಎಂಜಿನ್ನು ಮಾತ್ರ ಸರ್ವೇಯರನ ಕೈಗೆ ಬಿಡಬೇಡಿ. ಅದಕ್ಕೆ ಆ ಬ್ರಾಂಡಿನ ಡೀಸೆಲ್ ಮೆಕ್ಯಾನಿಕ್ ಬೇರೆಯೇ ಬೇಕು, ಎಂಜಿನ್ ಆಯಿಲ್ ಮಾದರಿ ಲ್ಯಾಬಿಗೆ ಹೋಗಬೇಕು.

ಸೀ ಟ್ರಯಲ್‌ಗೆ ಹೇಳಿದ ಹೊತ್ತಿಗಿಂತ ಮುಂಚೆ ಹೋಗಿ ಎಂಜಿನ್ನಿನ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಯಾರೋ ಸ್ಟಾರ್ಟ್ ಮಾಡಿದ್ದಾರೆ. ಹಳೇ ಡೀಸೆಲ್ ತಣ್ಣಗಿದ್ದಾಗ ಹೇಗೆ ಎದ್ದೇಳುತ್ತದೆ, ಎಂಥ ಹೊಗೆ ಬಿಡುತ್ತದೆ ಅನ್ನುವುದೇ ನೀವು ನೋಡಬೇಕಾದದ್ದು. ಬಿಸಿ ಇದ್ದರೆ ವಿನಯವಾಗಿ ಇನ್ನೊಂದು ದಿನ ಕೇಳಿ. ನೀರಿಗಿಳಿದ ಮೇಲೆ ಪೂರ್ತಿ ವೇಗಕ್ಕೆ ಒಯ್ದು ಕೆಲವು ನಿಮಿಷ ಹಿಡಿದು ನಿಲ್ಲಿಸಬೇಕು. ನಿಮಿಷಕ್ಕೆ ಇಷ್ಟು ಅಂತ ಕಂಪನಿ ಹೇಳಿದ ಸುತ್ತು ಎಂಜಿನ್ನಿಗೆ ಬರುತ್ತದೆಯೇ, ಉಷ್ಣತೆ ಏರುತ್ತಲೇ ಹೋಗುತ್ತದೆಯೇ ಅಂತ ಮೆಕ್ಯಾನಿಕ್ ನೋಡಲಿ. ಅಷ್ಟು ಹೊತ್ತೂ ಬ್ರೋಕರ್ ನಿಮಗೆ ದಂಡೆಯ ಮನೆಗಳನ್ನು ತೋರಿಸುತ್ತಿರುತ್ತಾನೆ. ಇರಲಿ, ಅವನ ಕೆಲಸ ಅವನು ಮಾಡುತ್ತಾನೆ.

ಸರ್ವೇ ವರದಿ ನಿಮ್ಮ ಸ್ವತ್ತು. ಬ್ರೋಕರ್ ಪ್ರತಿ ಕೇಳುತ್ತಾನೆ. ಪೂರ್ತಿ ಕೊಡಬೇಡಿ. ಅದರೊಳಗೆ ವಿಮೆಗೆ, ಬ್ಯಾಂಕಿಗೆ ಅಂತ ಸರ್ವೇಯರ್ ಬರೆದ ಮಾರುಕಟ್ಟೆ ಬೆಲೆ ಇರುತ್ತದೆ. ಅದು ನೀವು ಒಪ್ಪಿದ ಬೆಲೆಗಿಂತ ಹೆಚ್ಚಿದ್ದರೆ ನಿಮ್ಮ ಚೌಕಾಸಿ ಅಲ್ಲೇ ಮುಗಿಯಿತು. ನೀವು ಎತ್ತಲು ಬಯಸುವ ದೋಷಗಳ ಪುಟಗಳನ್ನು, ಅವುಗಳ ರಿಪೇರಿಗೆ ಯಾರ್ಡಿನಿಂದ ಬರೆಸಿದ ಅಂದಾಜನ್ನು ಮಾತ್ರ ಕೊಡಿ. ಮೊದಲ ಭೇಟಿಯಲ್ಲೇ ಕಣ್ಣಿಗೆ ಕಂಡಿದ್ದ ಹರಿದ ಕುಶನ್, ಮಾಸಿದ ಬಣ್ಣ ಇವನ್ನು ಎತ್ತಲು ಹೋದರೆ ಮಾನ ಕಳೆದುಕೊಳ್ಳುತ್ತೀರಿ. ಅವು ಬೆಲೆಯಲ್ಲಿ ಆಗಲೇ ಸೇರಿವೆ.

ಅಲ್ಲಿಂದ ಮುಂದೆ ಮಾರುವವನ ಬ್ರೋಕರೇ ನಿಮ್ಮ ವಕೀಲನಾಗುತ್ತಾನೆ. ಆರಂಭದ ಲೆಕ್ಕ ನೆನಪಿದೆಯಲ್ಲ? ಬೆಲೆ ಇನ್ನೂ ಆರು ಸಾವಿರ ಇಳಿದರೆ ಅವನಿಗೆ ಹೋಗುವುದು 300. ನೀವು ಎದ್ದು ಹೋದರೆ ಇಷ್ಟು ತಿಂಗಳ ಓಡಾಟವೆಲ್ಲ ನೀರಿಗೆ. ಜೊತೆಗೆ ಇನ್ನೊಂದು ಸಂಕಟ. ಆ ದೋಷ ಈಗ ಅವನಿಗೆ ಗೊತ್ತಾಗಿದೆ. ಲೈಸೆನ್ಸ್ ಇರುವ ಬ್ರೋಕರ್ ಗೊತ್ತಿರುವ ದೊಡ್ಡ ದೋಷವನ್ನು ಮುಂದಿನ ಗಿರಾಕಿಯ ಹತ್ತಿರ ಇಲ್ಲವೆಂದರೆ ಲೈಸೆನ್ಸಿಗೇ ಕುತ್ತು. ಹಾಗಾಗಿ ಅವನು ಮಾಲೀಕನನ್ನು ಕೂರಿಸಿಕೊಂಡು "ಇದು ಮುಂದಿನವರಿಗೂ ಸಿಗುತ್ತೆ, ಈಗಲೇ ಇಳಿಸಿಬಿಡಿ" ಅನ್ನುತ್ತಾನೆ. ನೀವು ಮಾಲೀಕನಿಗೆ ನೇರವಾಗಿ ಹೇಳಿದರೆ ಜಗಳವಾಗುವ ಮಾತು ಅವನ ಬಾಯಲ್ಲಿ ಸಲಹೆಯಾಗುತ್ತದೆ. ನನ್ನನ್ನು ಕೇಳಿದರೆ ಬ್ರೋಕರ್ ಕಮಿಷನ್ನಿಗೆ ತಕ್ಕ ಕೆಲಸ ಮಾಡುವುದು ಈ ಎರಡು ಮೂರು ದಿನಗಳಲ್ಲಿ. ಅಂಕಿ ಮತ್ತು ಕಾರಣ ಎರಡನ್ನೂ ಒಂದೇ ಇ-ಮೇಲಿನಲ್ಲಿ ಬರೆದು ಕೊಡಿ, ಆಮೇಲೆ ಸುಮ್ಮನಿರಿ. ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಆತುರ ತೋರಿಸಿದರೆ ಅವನು ಆ ಆತುರವನ್ನೂ ಮಾಲೀಕನಿಗೆ ಮುಟ್ಟಿಸುತ್ತಾನೆ.

ಚಂಡಮಾರುತದ ವಿಷಯ ಹೇಳದೆ ನಮ್ಮೂರಲ್ಲಿ ಈ ಮಾತು ಮುಗಿಯುವುದಿಲ್ಲ. 2022ರ ಸೆಪ್ಟೆಂಬರ್ 28ರಂದು ಇಯಾನ್ ಫೋರ್ಟ್ ಮಾಯರ್ಸ್ ಕಡೆ ಅಪ್ಪಳಿಸಿತು. 2024ರಲ್ಲಿ ಸೆಪ್ಟೆಂಬರ್ 26ಕ್ಕೆ ಹೆಲೀನ್ ನಮ್ಮ ಕೊಲ್ಲಿಯ ನೀರನ್ನು ಬೀದಿಗೆ ತಂದಿತು, ಎರಡು ವಾರದೊಳಗೆ ಅಕ್ಟೋಬರ್ 9ಕ್ಕೆ ಮಿಲ್ಟನ್ ಬಂತು. ಮುಳುಗಿದ, ದಡಕ್ಕೆ ಬಿದ್ದ ಬೋಟುಗಳನ್ನು ವಿಮೆ ಕಂಪನಿಗಳು ಹರಾಜು ಹಾಕುತ್ತವೆ, ಯಾರೋ ತೊಳೆದು ಬಣ್ಣ ಹೊಡೆದು ಮತ್ತೆ ಮಾರುಕಟ್ಟೆಗೆ ತರುತ್ತಾರೆ. 2023ರ ಜುಲೈ 1ರಿಂದ ಜಾರಿಯಲ್ಲಿರುವ ಫ್ಲೋರಿಡಾದ ಹೊಸ ಟೈಟಲ್ (ಮಾಲೀಕತ್ವದ ಪತ್ರ) ಕಾನೂನಿನಲ್ಲಿ ಒಡಲಿಗೆ ಹಾನಿಯಾದ ಬೋಟಿನ ಟೈಟಲ್ ಮೇಲೆ ಹಾಗೆಂದು ಗುರುತು ಹಾಕುವ ಏರ್ಪಾಡಿದೆ. ಆದರೆ ರಾಜ್ಯದ ಬದಲು ಕೇಂದ್ರ ಸರ್ಕಾರದ ಕೋಸ್ಟ್ ಗಾರ್ಡಿನಲ್ಲಿ ದಾಖಲಾದ ಬೋಟಿಗೆ ರಾಜ್ಯದ ಟೈಟಲೇ ಇರುವುದಿಲ್ಲ, ಗುರುತು ಎಲ್ಲಿ ಬೀಳಬೇಕು? ಹಾಗಾಗಿ ಬ್ರೋಕರನಿಗೆ ಇ-ಮೇಲಿನಲ್ಲಿ ನೇರ ಪ್ರಶ್ನೆ ಹಾಕಿ: ಈ ಬೋಟು ಯಾವಾಗಲಾದರೂ ಮುಳುಗಿತ್ತೆ, ದಡಕ್ಕೆ ಬಡಿದಿತ್ತೆ, ವಿಮೆ ಕ್ಲೇಮ್ ಆಗಿತ್ತೆ? "ಇಲ್ಲ" ಅಂತ ಬಂದರೆ ಒಂದು ದಾಖಲೆಯಾಯಿತು. "ನನಗೆ ತಿಳಿದಂತೆ ಇಲ್ಲ, ಮಾಲೀಕರು ಹೇಳುವ ಪ್ರಕಾರ" ಅಂತ ಸುತ್ತಿ ಬಂದರೆ ಸರ್ವೇಯರಿಗೆ ತೋರಿಸಿ. ಅವನು ಪ್ಯಾನೆಲ್ ಬಿಚ್ಚಿ ಹಿಂದೆ ಕೆಸರಿನ ಗೆರೆ ಇದೆಯೇ, ವೈರಿನ ತುದಿ ಹಸಿರುಗಟ್ಟಿದೆಯೇ ಅಂತ ನೋಡುತ್ತಾನೆ.

ಈಗ ಕಾಗದಪತ್ರ. ಇಲ್ಲಿ ಬ್ರೋಕರನನ್ನು ಧಾರಾಳವಾಗಿ ದುಡಿಸಿಕೊಳ್ಳಿ. ಸಮುದ್ರ ಕಾನೂನಿನಲ್ಲಿ ಸಾಲ ಮನುಷ್ಯನ ಮೇಲಷ್ಟೇ ಅಲ್ಲ, ಬೋಟಿನ ಮೇಲೆಯೇ ಕೂರುತ್ತದೆ. ಹಿಂದಿನ ಮಾಲೀಕ ಯಾರ್ಡಿಗೆ, ಮರಿನಾಕ್ಕೆ (ಬೋಟು ನಿಲ್ಲಿಸುವ ಕಟ್ಟೆ), ನೌಕರನಿಗೆ ಬಾಕಿ ಇಟ್ಟಿದ್ದರೆ, ಅದು ಯಾವ ಕಚೇರಿಯಲ್ಲೂ ದಾಖಲಾಗಿರದಿದ್ದರೂ, ಏನೂ ತಿಳಿಯದೆ ಕೊಂಡ ನಿಮ್ಮ ಬೋಟಿನ ಮೇಲೆ ದಾವೆ ಹಾಕಬಹುದು. ಕೋರ್ಟಿನ ಆದೇಶ ಹಿಡಿದು ಬಂದ ಮಾರ್ಷಲ್ ಬೋಟನ್ನೇ ಜಪ್ತಿ ಮಾಡುತ್ತಾನೆ. ಕೋಸ್ಟ್ ಗಾರ್ಡಿನಲ್ಲಿ ದಾಖಲಾದ ಬೋಟಾದರೆ ವೆಸ್ಟ್ ವರ್ಜೀನಿಯಾದ ಫಾಲಿಂಗ್ ವಾಟರ್ಸ್‌ನಲ್ಲಿರುವ ಅವರ ಕಚೇರಿಯಿಂದ ಟೈಟಲ್ ಇತಿಹಾಸದ ಪ್ರತಿ ತರಿಸಿಕೊಳ್ಳಬಹುದು, ಬ್ಯಾಂಕಿನ ಅಡಮಾನ ಎಲ್ಲ ಅದರಲ್ಲಿ ಬರುತ್ತದೆ. ದಾಖಲಾಗದ ಬಾಕಿಗೆ ಅದು ಸಾಲದು. ಬೋಟು ನಿಂತಿರುವ ಮರಿನಾ ಮತ್ತು ಕಳೆದ ಸಲ ಕೆಲಸ ಮಾಡಿದ ಯಾರ್ಡಿನಿಂದ ಬಾಕಿ ಇಲ್ಲವೆಂಬ ಪತ್ರ ತರಿಸಲು ಬ್ರೋಕರನಿಗೇ ಹೇಳಿ. ತರುತ್ತಾನೆ, ಯಾಕೆಂದರೆ ಅದಿಲ್ಲದೆ ನೀವು ಹಣ ಬಿಡುವುದಿಲ್ಲ. ಅನುಮಾನ ಉಳಿದರೆ ಮಾರಾಟದ ಹಣದಲ್ಲಿ ಒಂದು ಪಾಲನ್ನು ಕೆಲವು ವಾರ ಟ್ರಸ್ಟ್ ಖಾತೆಯಲ್ಲೇ ಇಡುವಂತೆ ಬರೆಸಿಕೊಳ್ಳಿ. ಒಡಲ ಹಿಂಭಾಗದಲ್ಲಿ ಕೆತ್ತಿರುವ 12 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯನ್ನು ಕಾಗದದ ಜೊತೆ ನೀವೇ ಒಂದೊಂದಾಗಿ ತಾಳೆ ನೋಡಿ. ತೆರಿಗೆ ನೂರಕ್ಕೆ ಆರು, ರಾಜ್ಯದ ಪಾಲು 18,000 ಡಾಲರ್ ದಾಟುವುದಿಲ್ಲ. ಆ ಮಿತಿ ಮುಟ್ಟುವ ಬೋಟು ಕೊಳ್ಳುವವರು ಈ ಸಭೆಯಲ್ಲಿದ್ದರೆ ಊಟದ ಖರ್ಚು ಅವರೇ ನೋಡಿಕೊಳ್ಳಲಿ.

ಪ್ರಶ್ನೆ: ನಾನು ಗ್ರೀನ್ ಕಾರ್ಡಿನಲ್ಲಿದ್ದೇನೆ, ನನ್ನ ಹೆಂಡತಿ ಅಮೆರಿಕದ ಪ್ರಜೆ. ಕೋಸ್ಟ್ ಗಾರ್ಡಿನಲ್ಲಿ ದಾಖಲಾದ ಬೋಟನ್ನು ಇಬ್ಬರ ಹೆಸರಿಗೆ ಕೊಳ್ಳಬಹುದೆ?

ಕೊಳ್ಳಬಹುದು, ಆದರೆ ಕೋಸ್ಟ್ ಗಾರ್ಡಿನ ದಾಖಲೆಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಮಾಲೀಕರೆಲ್ಲರೂ ಇಲ್ಲಿಯ ಪ್ರಜೆಗಳಾಗಿರಬೇಕು, ಪಾಲುದಾರರಲ್ಲಿ ಒಬ್ಬರು ಗ್ರೀನ್ ಕಾರ್ಡಿನವರಿದ್ದರೂ ಆಗದು. ನಿಮಗೆ ಎರಡು ದಾರಿ. ಹೆಂಡತಿಯೊಬ್ಬರ ಹೆಸರಿಗೆ ಮಾಡಿಸಿ, ಇಲ್ಲವೇ ಕೋಸ್ಟ್ ಗಾರ್ಡಿನ ದಾಖಲೆಯಿಂದ ಬೋಟನ್ನು ತೆಗೆಸಿ ಫ್ಲೋರಿಡಾದ ಟೈಟಲ್ ಇಬ್ಬರ ಹೆಸರಿಗೆ ಪಡೆಯಿರಿ. ಈ ವಿಷಯವನ್ನು ಕರಾರಿಗೆ ಸಹಿ ಹಾಕುವ ದಿನವೇ ಬ್ರೋಕರನಿಗೆ ಹೇಳಿ. ಬೋಟಿನ ಮೇಲೆ ಅಡಮಾನ ಇದ್ದರೆ ಮೊದಲು ಅದು ತೀರಬೇಕು, ಆಮೇಲೆ ದಾಖಲೆ ರದ್ದಾದ ಪತ್ರ ಬರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಸಾಲ ತೆಗೆಯುವವರಾದರೆ ನಿಮ್ಮ ಬ್ಯಾಂಕನ್ನೂ ಮೊದಲೇ ಕೇಳಿ. ಕೆಲವು ಬ್ಯಾಂಕುಗಳಿಗೆ ಕೋಸ್ಟ್ ಗಾರ್ಡ್ ದಾಖಲೆಯೇ ಬೇಕು.

ಪ್ರಶ್ನೆ: ಇಷ್ಟೆಲ್ಲ ತಲೆನೋವಿದ್ದರೆ ಬ್ರೋಕರ್ ಇಲ್ಲದೆ ಮಾಲೀಕನಿಂದಲೇ ನೇರ ಕೊಂಡರೆ ಅಗ್ಗವಲ್ಲವೆ?

ಬೋಟು 20 ಅಡಿಯದ್ದು, ಟ್ರೈಲರ್ ಮೇಲೆ ಮಾಲೀಕನ ಅಂಗಳದಲ್ಲೇ ನಿಂತಿದೆ, ಅವನ ಹೆಸರಿನ ಟೈಟಲ್ ಕೈಯಲ್ಲಿದೆ ಅಂದರೆ ಧಾರಾಳವಾಗಿ ಕೊಳ್ಳಿ. ಕೌಂಟಿಯ ಟ್ಯಾಕ್ಸ್ ಕಲೆಕ್ಟರ್ ಕಚೇರಿಗೆ ಇಬ್ಬರೂ ಒಟ್ಟಿಗೆ ಹೋಗಿ ಅಲ್ಲೇ ಹೆಸರು ಬದಲಾಯಿಸಿ, ಅಲ್ಲೇ ಹಣ ಕೊಡಿ. ಅದಕ್ಕಿಂತ ದೊಡ್ಡದಾದರೆ, ಬ್ಯಾಂಕ್ ಸಾಲ ಇದ್ದರೆ, ನೀರಿನಲ್ಲೇ ನಿಂತ ಬೋಟಾದರೆ ಯೋಚಿಸಿ. ಮಾಲೀಕ ಕಮಿಷನ್ ಉಳಿಯಿತೆಂದು ಬೆಲೆ ಇಳಿಸುತ್ತಾನೆ ಅನ್ನುವ ಖಾತ್ರಿಯೇನೂ ಇಲ್ಲ, ಆ ಹತ್ತು ಸಾವಿರ ತನ್ನ ಜೇಬಿಗೆ ಅಂತ ಅವನೂ ಲೆಕ್ಕ ಹಾಕಿರುತ್ತಾನೆ. ಆಗಲೂ ನೇರವಾಗಿಯೇ ಕೊಳ್ಳುವಿರಾದರೆ ಬೋಟಿನ ದಾಖಲೆ ಕೆಲಸ ಮಾಡುವ ಏಜೆಂಟನನ್ನೋ ಸಮುದ್ರ ಕಾನೂನು ಬಲ್ಲ ವಕೀಲನನ್ನೋ ಹಿಡಿಯಿರಿ. ಮುಂಗಡ ಅವರ ಟ್ರಸ್ಟ್ ಖಾತೆಯಲ್ಲಿರಲಿ, ಟೈಟಲ್ ಶೋಧನೆ ಅವರೇ ಮಾಡಲಿ, ಸಾಲದ ಬಾಕಿಯನ್ನು ಬ್ಯಾಂಕಿಗೆ ನೇರವಾಗಿ ಕಟ್ಟಿ ಉಳಿದದ್ದನ್ನು ಮಾಲೀಕನಿಗೆ ಕೊಡಲಿ. ಸರ್ವೇಯರಿಗೆ ಮಾತ್ರ ಮೊದಲು ಹೇಳಿದಷ್ಟೇ ದುಡ್ಡು, ಅದರಲ್ಲಿ ರಿಯಾಯಿತಿ ಇಲ್ಲ.